ವೀರಪುರುಷ ಸುರಪುರದ ವೆಂಕಟಪ್ಪನಾಯಕ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ಎಡೆದೊರೆನಾಡು ಶತಮಾನಗಳ ಕಾಲ ರಣಭೂಮಿಯಾಗಿದ್ದಿತು. ರಾಯಚೂರಿನ ಕೋಟೆಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಆದಿಲಶಾಹಿಗಳೂ ಮತ್ತೆ ಮತ್ತೆ ಕಾದಾಡಿದರು. ೧೫೨೦ರಲ್ಲಿ ಕೃಷ್ಣದೇವರಾಯನು ಆ ಕೋಟೆಯನ್ನು ಗೆದ್ದ ಸಂಗತಿ ಶಾಲೆಯ ಮಕ್ಕಳಿಗೂ ತಿಳಿದಿದೆ. ಆದರೆ ಗೆದ್ದವರೆಲ್ಲರೂ ಜನರ ಬಾಯಲ್ಲಿ ಉಳಿಯಲಿಲ್ಲ. ಕನ್ನಡ ನಾಡಿನ ಹಳ್ಳಿಗಳ ಅಂಚಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದರೆ ಇದರ ಮರ್ಮ ತಿಳಿಯುತ್ತದೆ. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರ. ಆ ಕಲ್ಲು ನಿಂತಿರುವುದು ತುರುಗಳಿಗಾಗಿಯೋ ಊರಿಗಾಗಿಯೋ ಮಡಿದವನಿಗೆ. ಗೆದ್ದು ಮನೆಗೆ ಮರಳಿದವನಿಗಲ್ಲ.

ವೀರತ್ವಕ್ಕೆ ಕತ್ತಿಯೇ ಬೇಕೆಂದೂ ಇಲ್ಲ. ತುಂಗಭದ್ರೆಯ ಕಡೆಗಿರುವ ಮಾನ್ವಿಯು ತನ್ನ ಹಿರಿಯರೆಂದು ಇಂದಿಗೂ ನೆನೆಯುವುದು ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರನ್ನು. ರಾಯಚೂರು ನಗರವು ೧೯೨೦ರಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರನ್ನು ಹೆಮ್ಮೆಯಿಂದ ಸ್ಮರಿಸುತ್ತದೆ. ಒಬ್ಬರು ದಾಸರು, ಇನ್ನೊಬ್ಬರು ಶಿಕ್ಷಕರು. ಇಬ್ಬರೂ ಆಯುಧ ಹಿಡಿದವರಲ್ಲ. ಆದರೆ ಕೃಷ್ಣೆಯ ದಡದ ದೇವದುರ್ಗದ ಕಡೆಗೆ ಬಂದರೆ ಮಾತು ಬೇರೆ. ಅಲ್ಲಿಯ ಕೋಟೆಯೂ ಬೇಡ ನಾಯಕರ ನೆಲೆಯಾಗಿತ್ತು. ಹೊಳೆಯ ಆಚೆಗೆ ಅವರದೇ ಬಳಗದ ಸುರಪುರ ಸಂಸ್ಥಾನವಿತ್ತು. ಆ ಸಂಸ್ಥಾನದ ನಾಲ್ವಡಿ ರಾಜಾ ವೆಂಕಟಪ್ಪನಾಯಕನ ಹೆಸರು ಹೊಳೆಯ ಎರಡೂ ದಡಗಳಲ್ಲಿ ವೀರನೆಂದೇ ನಿಂತಿದೆ. ಆತನು ಆಳಿದ್ದು ಕೇವಲ ಐದು ವರುಷ. ಮಾಡಿದ ಯುದ್ಧ ಒಂದೇ, ಅದರಲ್ಲಿಯೂ ಸೋತನು. ಇಪ್ಪತ್ತನಾಲ್ಕರ ಹರೆಯದಲ್ಲಿ ಸೆರೆಯಾಳಾಗಿ ತೀರಿಕೊಂಡನು. ಇಂತಹವನು ವೀರನಾದದ್ದು ಹೇಗೆಂಬುದು ವಿಚಾರಯೋಗ್ಯವಾದ ಪ್ರಶ್ನೆಯಾಗಿದೆ.

ಸುರಪುರದ ನಾಯಕರ ಮನೆತನಕ್ಕೆ ದೊರೆಗಳೊಡನೆ ಸೆಣಸುವುದು ಹೊಸದಾಗಿರಲಿಲ್ಲ. ದಖ್ಖಣವನ್ನೆಲ್ಲ ಗೆದ್ದು ಮುದುಕನಾಗಿದ್ದ ಔರಂಗಜೇಬನು ೧೭೦೫ರಲ್ಲಿ ತಾನೇ ದಂಡೆತ್ತಿ ಬಂದು ಇವರ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದನು. ಹಲವು ವಾರಗಳ ಹೋರಾಟದ ಬಳಿಕ ಕೋಟೆ ಬಿದ್ದಿತಾದರೂ ಪಿಡ್ಡನಾಯಕನು ಕೈಗೆ ಸಿಗದೆ ಪಾರಾದನು. ಅದು ಆ ಬಾದಶಹನ ಕೊನೆಯ ದೊಡ್ಡ ಮುತ್ತಿಗೆ. ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟಿದ್ದಾಗಲೇ ಅವನು ಕಠಿಣ ಕಾಯಿಲೆಯಿಂದ ಮಲಗಿದನು. ಮುಂದೆ ನಿಜಾಮರ ಆಳ್ವಿಕೆ ಬಂದಿತು. ಸುರಪುರವು ಅವರಿಗೆ ಕಪ್ಪ ಕೊಡುವ ಸಂಸ್ಥಾನವಾಯಿತು. ನಜರಾಣೆಯ ಹೊರೆ, ಸಾಹುಕಾರರ ಸಾಲ, ಮನೆಯೊಳಗಿನ ಜಗಳ ಇವೆಲ್ಲವೂ ಸೇರಿ ಖಜಾನೆಯನ್ನು ಬರಿದುಮಾಡಿದವು.

೧೮೪೧ರಲ್ಲಿ ರಾಜಾ ಕೃಷ್ಣಪ್ಪನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನು ಏಳೆಂಟು ವರುಷದ ಹುಡುಗ. ತಾಯಿ ರಾಣಿ ಈಶ್ವರಮ್ಮನಿಗೂ ಚಿಕ್ಕಪ್ಪ ಪಿಡ್ಡನಾಯಕನಿಗೂ ಅಧಿಕಾರಕ್ಕಾಗಿ ಕಲಹ ಹುಟ್ಟಿತು. ಅದನ್ನು ಬಗೆಹರಿಸಲು ಹೈದರಾಬಾದಿನ ರೆಸಿಡೆಂಟನು ಕಳುಹಿಸಿದ ಅಧಿಕಾರಿಯೇ ಫಿಲಿಪ್ ಮೆಡೋಸ್ ಟೇಲರ್. ಠಗ್ಗರ ಕುರಿತು ೧೮೩೯ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾಗಿದ್ದವನು ಇವನೇ. ಪಿಡ್ಡನಾಯಕನು ಕೆಲಕಾಲದಲ್ಲಿಯೇ ತೀರಿಕೊಂಡುದರಿಂದ ಆಡಳಿತದ ಸೂತ್ರವೆಲ್ಲ ಟೇಲರನ ಕೈಗೆ ಬಂದಿತು. ಅವನು ಸಾಲ ತೀರಿಸಿದನು, ಲೆಕ್ಕಪತ್ರ ಸರಿಪಡಿಸಿದನು, ಬೋನಾಳದ ಕೆರೆಯನ್ನು ದೊಡ್ಡದು ಮಾಡಿಸಿದನು, ಗುಡ್ಡದ ಮೇಲೆ ತನಗೊಂದು ಮನೆ ಕಟ್ಟಿಸಿಕೊಂಡನು. ಬಾಲಕ ರಾಜನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಈ ಸಂಬೋಧನೆ ಮುಂದಿನ ಕಥೆಗೆಲ್ಲ ಒಂದು ವಿಚಿತ್ರವಾದ ನೋವನ್ನು ತಂದಿತು. ವೆಂಕಟಪ್ಪನಾಯಕನ ಬಗೆಗೆ ವಿಸ್ತಾರವಾಗಿ ಬರೆದಿಟ್ಟವನೂ, ಅವನು ಸಿಡಿದೆದ್ದ ಕಂಪನಿ ಸರಕಾರದ ಅಧಿಕಾರಿಯೂ, ಅವನು ಅಪ್ಪನೆಂದು ಕರೆದವನೂ ಒಬ್ಬನೇ ಮನುಷ್ಯ!

೧೮೫೩ರಲ್ಲಿ ಎರಡು ಸಂಗತಿಗಳು ನಡೆದವು. ನಿಜಾಮನು ಕಂಪನಿಯ ಬಾಕಿಗಾಗಿ ರಾಯಚೂರು ದೋಆಬ್ ಪ್ರಾಂತವನ್ನು ಬ್ರಿಟಿಷರಿಗೆ ಒಪ್ಪಿಸಿಕೊಟ್ಟನು. ಹೊಳೆಯ ಈಚೆಯ ಎಡೆದೊರೆನಾಡು ನೇರವಾಗಿ ಪರಂಗಿಯವರ ಕೈಕೆಳಗಾಯಿತು. ಅದೇ ವರುಷ ಹೊಳೆಯ ಆಚೆಗೆ ವೆಂಕಟಪ್ಪನಾಯಕನು ಪ್ರಾಯಕ್ಕೆ ಬಂದು ಗದ್ದುಗೆಯೇರಿದನು, ಟೇಲರನು ಸುರಪುರವನ್ನು ಬಿಟ್ಟನು. ಮುಂದಿನ ನಾಲ್ಕು ವರುಷಗಳ ವೃತ್ತಾಂತ ಹೆಮ್ಮೆಪಡುವಂತಹದಲ್ಲ. ಕೂಡಿಟ್ಟ ಹಣ ಕರಗಿತು, ಹೊಗಳುಭಟರು ಸುತ್ತಲೂ ಸೇರಿದರು, ಅರಸನು ಭೋಗದಲ್ಲಿ ಮುಳುಗಿದನು ಎಂದು ಟೇಲರನು ಬರೆದಿದ್ದಾನೆ. ಬರೆದವನು ಕಂಪನಿಯ ನೌಕರನೆಂಬುದನ್ನು ಮರೆಯಬಾರದು. ಆದರೂ ಅವನು ಆ ಹುಡುಗನ ಹಗೆಯಾಗಿರಲಿಲ್ಲ. ವೀರರ ಚರಿತ್ರೆ ಬರೆಯುವವರು ಈ ನಾಲ್ಕು ವರುಷಗಳನ್ನು ಹಾರಿಸಿ ಹೋಗುವುದುಂಟು. ಅದು ಸರಿಯಲ್ಲ. ಹುಟ್ಟಿನಿಂದಲೇ ನಿಷ್ಕಳಂಕನಾದವನ ಕಥೆಯಿಂದ ಎಡವುವ ಹುಡುಗನಿಗೆ ಆಗುವ ಪ್ರಯೋಜನವಾದರೂ ಏನು?

೧೮೫೭ರ ಬೇಸಗೆಯಲ್ಲಿ ಉತ್ತರದಲ್ಲಿ ದಂಗೆಯ ಬೆಂಕಿ ಹತ್ತಿತು. ಜುಲೈ ೧೭ರಂದು ಹೈದರಾಬಾದಿನಲ್ಲಿಯೇ ತುರ್ರೆಬಾಜ್‌ಖಾನನೂ ಮೌಲ್ವಿ ಅಲ್ಲಾವುದ್ದೀನನೂ ರೆಸಿಡೆನ್ಸಿಯ ಮೇಲೆ ದಾಳಿಮಾಡಿದರು. ನಿಜಾಮನ ದಿವಾನ ಸಾಲಾರ್ ಜಂಗನು ಮಾತ್ರ ಕಂಪನಿಯ ಪಕ್ಷವನ್ನು ಬಿಡಲಿಲ್ಲ. ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು, ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಧಿಕ್ಕರಿಸಿ ನಿಂತು ಊರಿಗೆ ಊರೇ ಸುಟ್ಟುಹೋಯಿತು. ನರಗುಂದದ ಬಾಬಾಸಾಹೇಬನ ಮನಸ್ಸೂ ಮುಂಡರಗಿ ಭೀಮರಾಯನ ಮನಸ್ಸೂ ಕುದಿಯುತ್ತಿದ್ದವು. ಸುರಪುರಕ್ಕೆ ಗುಪ್ತವಾಗಿ ದೂತರು ಬಂದುಹೋಗತೊಡಗಿದರು. ವೆಂಕಟಪ್ಪನಾಯಕನು ತನ್ನ ಬೇಡ ಪಡೆಗಳನ್ನು ಒಗ್ಗೂಡಿಸಿದನು, ಅರಬರನ್ನೂ ರೋಹಿಲರನ್ನೂ ಸಂಬಳಕ್ಕೆ ನೇಮಿಸಿಕೊಂಡನು. ಎಚ್ಚರಿಕೆ ಹೇಳಲೆಂದು ೧೮೫೮ರ ಜನವರಿಯಲ್ಲಿ ಬಂದ ಕ್ಯಾಪ್ಟನ್ ರೋಸ್ ಕ್ಯಾಂಬೆಲ್ಲನ ಮಾತು ಫಲಿಸಲಿಲ್ಲ.

ಯುದ್ಧದ ವಿಷಯ ಬೇಗನೆ ಹೇಳಿಬಿಡಬಹುದು. ಲಿಂಗಸುಗೂರಿನ ಛಾವಣಿಯಿಂದ ಕ್ಯಾಪ್ಟನ್ ವಿಂಡ್‌ಹ್ಯಾಮನ ದಂಡು ಕೃಷ್ಣೆಯನ್ನು ದಾಟಿ ಫೆಬ್ರುವರಿ ೭ರಂದು ಸುರಪುರದ ಮುಂದೆ ಬಂದಿಳಿಯಿತು. ಗುಡ್ಡಗಳ ನಡುವಣ ಇಕ್ಕಟ್ಟಾದ ಜಾಗದಲ್ಲಿ ಬಿಡಾರ ಹೂಡುವಂತೆ ರಾಜನ ಕಡೆಯವರು ತೋರಿಸಿದರು. ಅವನು ಸಂಶಯಪಟ್ಟು ಬಯಲಿಗೆ ಸರಿದನು. ಆ ರಾತ್ರಿಯೇ ಬೇಡರು ಬಿಡಾರದ ಮೇಲೆ ಬಿದ್ದರು. ಮರುದಿನ ಮೇಜರ್ ಹ್ಯೂಸನ ಮದರಾಸು ಪಡೆಗಳು ಕೂಡಿಕೊಂಡವು. ರೋಹಿಲರೊಡನೆ ನಡೆದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು, ಅವನ ಜೊತೆಗಾರ ಸ್ಟುವರ್ಟನು ಮರಣಾಂತಿಕವಾಗಿ ಗಾಯಗೊಂಡನು. ಧಾರವಾಡದ ಕಡೆಯಿಂದ ಕರ್ನಲ್ ಮಾಲ್ಕಮನ ಸೈನ್ಯವೂ ಸಮೀಪಿಸುತ್ತಿತ್ತು. ಮೂರು ಕಡೆಯ ಒತ್ತಡದಲ್ಲಿ ಊರು ನಿಲ್ಲುವಂತಿರಲಿಲ್ಲ. ರಾತ್ರಿಯ ಕತ್ತಲೆಯಲ್ಲಿ ಕೆಲವೇ ಸವಾರರೊಂದಿಗೆ ರಾಜನು ಹೈದರಾಬಾದಿನ ದಾರಿ ಹಿಡಿದನು. ಅಲ್ಲಿ ಅರಬರ ನೆರವು ಸಿಕ್ಕೀತೆಂದು ಆಶಿಸಿದ್ದನು. ಪೇಟೆಯಲ್ಲಿ ಅಲೆಯುತ್ತಿದ್ದಾಗ ಸಿಕ್ಕಿಬಿದ್ದು ಸಾಲಾರ್ ಜಂಗನ ಮುಂದೆ ನಿಲ್ಲಬೇಕಾಯಿತು. ದಿವಾನನು ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದನು.

ಇಲ್ಲಿಯವರೆಗಿನದು ಸೋತ ಅರಸನೊಬ್ಬನ ಸಾಮಾನ್ಯ ಕಥೆ. ಇಂತಹವು ಆ ವರುಷ ದೇಶದ ಉದ್ದಗಲಕ್ಕೂ ನಡೆದವು. ಸುರಪುರದ ಅರಸನು ವೀರನಾದದ್ದು ಸೆರೆಮನೆಯಲ್ಲಿ.

ಬೀರಾರದಲ್ಲಿದ್ದ ಟೇಲರನನ್ನು ಸರಕಾರವು ಸುರಪುರದ ಕಮಿಷನರನನ್ನಾಗಿ ನೇಮಿಸಿತು. ಅವನು ಸೆರೆಯಲ್ಲಿದ್ದ ರಾಜನನ್ನು ಕಾಣಲು ಹೋದಾಗ ವೆಂಕಟಪ್ಪನಾಯಕನು ಹಳೆಯ ಸಲಿಗೆಯಿಂದಲೇ ಅವನನ್ನು ಅಪ್ಪಿಕೊಂಡು ಅತ್ತನು. ರೆಸಿಡೆಂಟ್ ಡೇವಿಡ್‌ಸನ್ನನಿಗೆ ಬೇಕಾಗಿದ್ದುದು ಒಂದೇ: ಪಿತೂರಿಯಲ್ಲಿ ಯಾರು ಯಾರು ಇದ್ದರು, ಯಾವ ಯಾವ ಮನೆತನದವರು ಪತ್ರ ಬರೆದರು, ಯಾರು ಆಸೆ ಹುಟ್ಟಿಸಿದರು ಎಂಬ ಹೆಸರುಗಳು. ಹೇಳಿದರೆ ಶಿಕ್ಷೆ ಹಗುರವಾದೀತೆಂಬ ಆಸೆಯಿತ್ತು. ಕೇಳುತ್ತಿದ್ದವನು ಪರಕೀಯನಲ್ಲ, ತೊಡೆಯ ಮೇಲೆ ಕೂರಿಸಿಕೊಂಡಂತೆ ಬೆಳೆಸಿದ ಟೇಲರನೇ. ಇದಕ್ಕಿಂತ ಕಠಿಣವಾದ ಪರೀಕ್ಷೆ ರಣರಂಗದಲ್ಲಿ ಬರುವುದಿಲ್ಲ. ಆದರೆ ರಾಜನು ಒಂದು ಹೆಸರನ್ನೂ ಹೇಳಲಿಲ್ಲ. ತನ್ನ ಜೀವ ಉಳಿಸಿಕೊಳ್ಳಲು ಹೇಡಿಯಾಗಿ ಬೇರೆಯವರನ್ನು ಹಿಡಿದುಕೊಡಲಾರೆನೆಂದನು. ಕಳ್ಳನಂತೆ ನೇಣಿಗೇರುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ, ನಡುಗದೆ ನಿಲ್ಲುವೆನೆಂದು ಬೇಡಿಕೊಂಡನು. ಕರಿನೀರಿನ ಶಿಕ್ಷೆಗಿಂತ ಸಾವೇ ಲೇಸು, ಬೇಡರಲ್ಲಿ ತೀರ ಬಡವನೂ ಸೆರೆಯನ್ನು ಸಹಿಸನು ಎಂಬುದು ಅವನ ಮಾತಿನ ತಾತ್ಪರ್ಯ. ಭೋಗಿಯೆಂದೂ ಅವಿವೇಕಿಯೆಂದೂ ತಾನೇ ಬರೆದ ಯುವಕನ ಈ ಸ್ಥೈರ್ಯವನ್ನು ಟೇಲರನು ಮರೆಮಾಚದೆ ದಾಖಲಿಸಿದನು.

ಮೊದಲು ಮರಣದಂಡನೆ ವಿಧಿಸಲಾಯಿತು. ಅದು ಜೀವಾವಧಿ ಗಡೀಪಾರಾಯಿತು. ಕೊನೆಗೆ ಗವರ್ನರ್ ಜನರಲನು ಅದನ್ನು ಚೆಂಗಲ್‌ಪಟ್ಟಿನ ಕೋಟೆಯಲ್ಲಿ ನಾಲ್ಕು ವರುಷದ ಸೆರೆಗೆ ಇಳಿಸಿದನು. ನಡತೆ ತಿದ್ದಿಕೊಂಡರೆ ಸಂಸ್ಥಾನ ಮರಳಿ ದೊರೆಯುವ ಸಾಧ್ಯತೆಯೂ ಇದ್ದಿತು. ಚೆಂಗಲ್‌ಪಟ್ಟಿನ ಹಾದಿಯ ಬಿಡಾರವೊಂದರಲ್ಲಿ, ಕಾವಲಿನ ಅಧಿಕಾರಿ ತನ್ನ ಪಿಸ್ತೂಲನ್ನು ಬಿಚ್ಚಿಟ್ಟು ಡೇರೆಯಿಂದ ಹೊರಗೆ ಹೋದ ಗಳಿಗೆಯಲ್ಲಿ ಗುಂಡಿನ ಸದ್ದು ಕೇಳಿಸಿತು. ರಾಜನು ಸತ್ತು ಬಿದ್ದಿದ್ದನು. ಅದು ೧೮೫೮ನೆಯ ಇಸವಿ. ತಾನೇ ಹಾರಿಸಿಕೊಂಡನೆಂದು ಸರಕಾರಿ ವರದಿ. ಕಾವಲಿನವರೇ ಕೊಂದರೆಂಬ ಸಂಶಯ ಸುರಪುರದ ಸೀಮೆಯಲ್ಲಿ ಅಳಿದಿಲ್ಲ. ಬಿಡುಗಡೆಯ ಆಸೆಯಿದ್ದಾಗ ಸಾಯುವವನು ಯಾರು ಎಂಬುದು ಸಂಶಯಪಡುವವರ ವಾದ. ಸೆರೆಯೇ ಸಾವಿಗಿಂತ ಹೀನವೆಂದು ಮೊದಲೇ ಹೇಳಿದ್ದನಲ್ಲ ಎಂಬುದು ಇನ್ನೊಂದು ವಾದ. ಎರಡೂ ವಾದಗಳಲ್ಲಿ ರಾಜನ ಮಾನ ಕುಗ್ಗುವುದಿಲ್ಲವೆಂಬುದು ಗಮನಾರ್ಹ.

ಕಥೆಗಳು ಹುಟ್ಟುವ ರೀತಿಗೆ ಇಲ್ಲಿಯೇ ಒಂದು ನಿದರ್ಶನವಿದೆ. ರಾಜನು ಇಪ್ಪತ್ತನಾಲ್ಕನೆಯ ವರುಷದಲ್ಲಿ ಸಾಯುವನೆಂದು ಆಸ್ಥಾನದ ಶಾಸ್ತ್ರಿಯೊಬ್ಬರು ಬಾಲ್ಯದಲ್ಲಿಯೇ ಜಾತಕ ನೋಡಿ ಟೇಲರನಿಗೆ ಗುಟ್ಟಾಗಿ ತಿಳಿಸಿದ್ದರಂತೆ. ಶಿಕ್ಷೆ ಇಳಿದ ಸುದ್ದಿ ಬಂದಾಗ ಜಾತಕ ಸುಳ್ಳಾಯಿತೆಂದು ಟೇಲರನು ಅವರಿಗೆ ಹೇಳಿದನು. ಅದರ ಬೆನ್ನಿಗೇ ಸಾವಿನ ವಾರ್ತೆ ಬಂದಿತು. ಲೆಕ್ಕಪತ್ರದ ಮನುಷ್ಯನಾದ ಇಂಗ್ಲಿಷ್ ಅಧಿಕಾರಿಯೇ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟನೆಂದಮೇಲೆ, ಹಳ್ಳಿಯ ಕಟ್ಟೆಯ ಮೇಲೆ ಕುಳಿತವರು ಇನ್ನೆರಡು ಮಾತು ಸೇರಿಸಿದರೆ ತಪ್ಪೇನು?

ಲಾವಣಿಕಾರರೂ ಹೀಗೆಯೇ ಆಯ್ದುಕೊಂಡರು. ಹಲಗಲಿಯ ಬೇಡರ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದನು; ಅದು ಗೆದ್ದವರ ಹಾಡಲ್ಲ. ೧೮೩೧ರಲ್ಲಿ ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣನ ಹಾಡೂ ಅಂತಹದೇ. ಇದಕ್ಕಿಂತ ಹಿಂದೆ, ಶಿವಭಕ್ತರ ಪರಂಪರೆಯಲ್ಲಿ ಬೇಡ ಕುಲದ ಕಣ್ಣಪ್ಪನಿದ್ದಾನೆ. ಬಿಲ್ಲುಗಾರನಾಗಿ ಅವನು ಎಷ್ಟು ಮಿಗಗಳನ್ನು ಹೊಡೆದನೆಂದು ಯಾರೂ ಲೆಕ್ಕ ಇಟ್ಟಿಲ್ಲ; ಲಿಂಗಕ್ಕೆ ತನ್ನ ಕಣ್ಣನ್ನೇ ಕಿತ್ತು ಕೊಟ್ಟನೆಂಬುದನ್ನು ಮಾತ್ರ ಎಲ್ಲರೂ ಬಲ್ಲರು. ೧೯೫೪ರಲ್ಲಿ ಆ ಕಥೆ ಚಲನಚಿತ್ರವಾದಾಗ ಕಣ್ಣಪ್ಪನ ಪಾತ್ರದಿಂದಲೇ ರಾಜಕುಮಾರರು ನಾಯಕನಟರಾಗಿ ಕನ್ನಡಿಗರ ಮನೆಮನೆಗೆ ಬಂದರು. ನಾಡು ತನ್ನ ಕಥಾನಾಯಕನಲ್ಲಿ ಹುಡುಕುವುದು ಏನನ್ನು ಪಡೆದನೆಂಬುದನ್ನಲ್ಲ, ಯಾವುದನ್ನು ಕೊಡಲು ಒಪ್ಪಿದನು, ಯಾವುದನ್ನು ಕೊಡಲು ಒಪ್ಪಲಿಲ್ಲ ಎಂಬುದನ್ನು. ಕಣ್ಣಪ್ಪನು ಕಣ್ಣು ಕೊಟ್ಟನು. ವೆಂಕಟಪ್ಪನಾಯಕನು ರಾಜ್ಯ ಕೊಟ್ಟನು, ಪ್ರಾಣ ಕೊಟ್ಟನು, ಹೆಸರುಗಳನ್ನು ಕೊಡಲಿಲ್ಲ. ಆ ಹೆಸರುಗಳ ಹಿಂದೆ ಎಷ್ಟು ಮನೆಗಳಿದ್ದವು, ಎಷ್ಟು ಊರುಗಳಿದ್ದವು ಎಂಬುದು ಅವನೊಡನೆಯೇ ಹೋಯಿತು.

ಕಂಪನಿಗೆ ನಿಷ್ಠನಾಗಿದ್ದುದಕ್ಕೆ ಪ್ರತಿಫಲವಾಗಿ ೧೮೬೦ರ ಒಪ್ಪಂದದಲ್ಲಿ ಸುರಪುರ ಸಂಸ್ಥಾನವನ್ನು ನಿಜಾಮನಿಗೆ ಕೊಡಲಾಯಿತು. ರಾಯಚೂರು ದೋಆಬವೂ ಅವನಿಗೆ ಮರಳಿತು. ಹೊಳೆಯ ಎರಡೂ ದಡಗಳು ಮತ್ತೆ ಒಂದೇ ಆಳ್ವಿಕೆಗೆ ಸೇರಿ ೧೯೪೮ರ ಸೆಪ್ಟೆಂಬರಿನವರೆಗೆ ಹಾಗೆಯೇ ಉಳಿದವು. ೧೮೬೦ರಲ್ಲಿಯೇ ಟೇಲರನು ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೊರಟನು. ಅವನು ೧೮೭೬ರಲ್ಲಿ ತೀರಿಕೊಂಡ ಮರುವರುಷ ಆತ್ಮಕಥೆ ಅಚ್ಚಾಯಿತು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಯನ್ನು ಜನರು ಟೇಲರ್ ಮಂಜಿಲ್ ಎಂದು ಕರೆದರು.