ಆನೆಲಾಯದಿಂದ ಹಾಲಿವುಡ್‌ವರೆಗೆ: ಸಾಬು ಅವರ ಜೀವನರೇಖೆ

ಪಾಶ್ಚಾತ್ಯ ಚಲನಚಿತ್ರರಂಗದಲ್ಲಿ 1930–40ರ ದಶಕಗಳಲ್ಲಿ ಭಾರತವು ಮತ್ತೆ ಮತ್ತೆ ಕಥಾವಸ್ತುವಾಯಿತು. ಆದರೆ ಭಾರತೀಯರ ಪಾತ್ರಗಳನ್ನು ಬಹುಮಟ್ಟಿಗೆ ಮುಖಕ್ಕೆ ಕಂದುಬಣ್ಣ ಬಳಿದುಕೊಂಡ ಬಿಳಿಯ ನಟರೇ ವಹಿಸುತ್ತಿದ್ದರು. ಇಂತಹ ರೂಢಿಯ ನಡುವೆ ತಾರಾಪದವಿಗೇರಿದ ಅಪರೂಪದ ಭಾರತೀಯರೆಂದರೆ ಮೈಸೂರು ಸೀಮೆಯ ಮಾವುತರ ಮನೆಯಿಂದ ಹೊರಟ ಸಾಬು.

ಸಾಬು ಹುಟ್ಟಿದ್ದು 1924ರಲ್ಲಿ, ಅಂದಿನ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. ಚಿಕ್ಕಂದಿನಲ್ಲಿಯೇ ಅನಾಥನಾದ ಬಾಲಕನು ಆನೆಲಾಯದ ಆಶ್ರಯದಲ್ಲಿ ಬೆಳೆದನು. ಮುಂದೆ ಪ್ರಚಾರಕ್ಕೆ ಬಂದ ದಸ್ತಗೀರ್ ಎಂಬ ಹೆಸರು ವಾಸ್ತವವಾಗಿ ಅವನ ಅಣ್ಣನದೆಂದು ಸಂಶೋಧಕರು ಅಭಿಪ್ರಾಯಪಡುತ್ತಾರೆ. ತನ್ನ ಹೆಸರೇ ದಾಖಲೆಗಳಲ್ಲಿ ಸರಿಯಾಗಿ ಉಳಿಯದಿದ್ದುದು ಅವನ ಬದುಕಿನ ಸ್ವರೂಪವನ್ನೇ ಸೂಚಿಸುವಂತಿದೆ.

ಕಿಪ್ಲಿಂಗ್‌ನ ಕಥೆಯನ್ನಾಧರಿಸಿದ ಚಿತ್ರವೊಂದಕ್ಕಾಗಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಈ ಬಾಲಕನು ಚಿತ್ರತಂಡದ ಕಣ್ಣಿಗೆ ಬಿದ್ದನು. ಫ್ಲಾಹರ್ಟಿ ಮತ್ತು ಝೋಲ್ಟನ್ ಕೋರ್ಡಾ ನಿರ್ದೇಶಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ನಿಜವಾದ ಮಾವುತನ ಮಗನಿಗೆ ತೆರೆಯ ಮೇಲೆ ತಂದೆಯಾಗಿ ಕಾಣಿಸಿಕೊಂಡವನು ಮಾತ್ರ ಬಣ್ಣ ಹಚ್ಚಿಕೊಂಡ ಆಂಗ್ಲ ನಟ! ಅಂದಿನ ಪ್ರಾತಿನಿಧ್ಯದ ಸಮಸ್ಯೆಯು ಈ ಒಂದು ಸಂಗತಿಯಲ್ಲಿಯೇ ಸ್ಪಷ್ಟವಾಗುತ್ತದೆ.

1938ರ ‘ದಿ ಡ್ರಮ್’ ಚಿತ್ರದಲ್ಲಿ ಸಾಬು ಗಡಿನಾಡಿನ ರಾಜಕುಮಾರನಾದನು; ಬ್ರಿಟಿಷರ ಸ್ನೇಹಿತನಾದ ಒಳ್ಳೆಯ ಭಾರತೀಯನ ಪಾತ್ರ ಅದು. ಅವರನ್ನು ವಿರೋಧಿಸುವ ಖಳನಾಗಿ ರೇಮಂಡ್ ಮ್ಯಾಸಿ ನಟಿಸಿದರು. ಸಾಮ್ರಾಜ್ಯಶಾಹಿಯ ಪ್ರಚಾರವೆಂದು ಈ ಚಿತ್ರದ ವಿರುದ್ಧ ಮುಂಬಯಿ, ಮದ್ರಾಸುಗಳಲ್ಲಿ ಪ್ರತಿಭಟನೆಗಳು ನಡೆದವು. ಸ್ವದೇಶದ ಹುಡುಗನೊಬ್ಬ ನಾಯಕನಾಗಿದ್ದ ಮಾತ್ರಕ್ಕೆ ಭಾರತೀಯ ಪ್ರೇಕ್ಷಕರು ಚಿತ್ರದ ನಿಲುವನ್ನು ಒಪ್ಪಿಕೊಳ್ಳಲಿಲ್ಲವೆಂಬುದು ಗಮನಾರ್ಹ.

‘ದಿ ಥೀಫ್ ಆಫ್ ಬಾಗ್ದಾದ್’ (1940) ಚಿತ್ರದ ಕಳ್ಳ ಅಬು, ‘ಜಂಗಲ್ ಬುಕ್’ (1942) ಚಿತ್ರದ ಮೌಗ್ಲಿ ಸಾಬು ಅವರಿಗೆ ವಿಶ್ವಖ್ಯಾತಿ ತಂದವು. 1944ರಲ್ಲಿ ಅಮೆರಿಕದ ಪೌರತ್ವ ಪಡೆದು, ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್ ರಣರಂಗದಲ್ಲಿ ಹೋರಾಡಿ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಗೌರವಕ್ಕೆ ಪಾತ್ರರಾದರು.

ಯುದ್ಧವೀರನಿಗೆ ಹಾಲಿವುಡ್‌ನಲ್ಲಿ ತಕ್ಕ ಪಾತ್ರಗಳು ದೊರೆಯಲಿಲ್ಲ. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದಲ್ಲಿ ಅವರು ಯುವ ಜನರಲ್ ಆಗಿ ನಟಿಸಿದರು. ಎದುರಿಗಿದ್ದ ಭಾರತೀಯ ಹುಡುಗಿಯ ಪಾತ್ರ ಮಾತ್ರ ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್ ಅವರದು. ಹಿಮಾಲಯದ ಆ ಕಥೆಯನ್ನು ಚಿತ್ರೀಕರಿಸಿದ್ದೂ ಇಂಗ್ಲೆಂಡಿನಲ್ಲಿಯೇ. ಅನಂತರದ ವರ್ಷಗಳಲ್ಲಿ ಅವರಿಗೆ ಒದಗಿದವು ಹೆಚ್ಚಾಗಿ ಅಗ್ಗದ ಕಾಡಿನ ಕಥೆಗಳು. ಇಂಗ್ಲೆಂಡಿನ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ನೀಡಿದ್ದೂ ಉಂಟು. ಮೆಹಬೂಬ್ ಖಾನರು ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವರನ್ನು ಆರಿಸಿದ್ದರಾದರೂ, ವಿದೇಶಿ ಪ್ರಜೆಯಾದ ಅವರಿಗೆ ಕೆಲಸದ ಪರವಾನಗಿ ದೊರೆಯಲಿಲ್ಲ. ಆ ಪಾತ್ರ ಸುನಿಲ್ ದತ್ ಅವರದಾಯಿತು. ಚಿತ್ರ 1957ರಲ್ಲಿ ಬಿಡುಗಡೆಯಾಯಿತು.

1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಸಾಬು ತೀರಿಕೊಂಡಾಗ ಅವರ ವಯಸ್ಸು ಕೇವಲ 39.

ಸಾಬು ಅವರ ಸಾಧನೆಯನ್ನು ಕೇವಲ ಅದೃಷ್ಟದ ಕಥೆಯಾಗಿ ಓದುವುದು ಸರಿಯಲ್ಲ. ಕೇವಲ ಶೋಷಣೆಯ ಕಥೆಯಾಗಿ ಓದುವುದೂ ಅಷ್ಟೇ ಅಪೂರ್ಣ. ನಿಜವಾದ ಭಾರತೀಯ ಮುಖವೊಂದು ಜಗತ್ತಿನ ಪ್ರೇಕ್ಷಕರ ಪ್ರೀತಿ ಗಳಿಸಬಲ್ಲದೆಂದು ಅವರು ತೋರಿಸಿಕೊಟ್ಟರು. ಆದರೆ ಆ ಮುಖದ ಕಥೆಯನ್ನು ಕಲ್ಪಿಸುವ, ಅದಕ್ಕೆ ಮಾತು ಕೊಡುವ ಅಧಿಕಾರ ಬೇರೆಯವರ ಬಳಿಯೇ ಉಳಿಯಿತು. ಆನೆಯ ಹುಡುಗನನ್ನು ಮೆಚ್ಚಿದ ಚಿತ್ರರಂಗವು ಅವನು ಬೆಳೆದು ದೊಡ್ಡವನಾಗುವುದಕ್ಕೆ ಅವಕಾಶ ಕೊಡಲಿಲ್ಲ. ಊರುಬಿಟ್ಟು ಬಂದು ಹೊರನಾಡುಗಳಲ್ಲಿ ನೆಲೆ ಕಂಡುಕೊಂಡಿರುವ ನಮ್ಮ ಅಧ್ಯಯನದಲ್ಲಿ ಈ ಕಾರಾಪುರದ ಬಾಲಕನಿಗೂ ಒಂದು ಸ್ಥಾನವಿರಬೇಕಾದುದು ಉಚಿತ.