ಮರುಭೂಮಿಯ ಗಿಡಗಳಿಗೆ ಗ್ರಂಥ ಬರೆದ ಅಬೂ ಹನೀಫಾ ದೀನವರಿ

ಅಬೂ ಹನೀಫಾ ಎಂದೊಡನೆ ನಿಮಗೆ ನೆನಪಾಗುವುದು ಕೂಫಾದ ಮಹಾನ್ ಇಮಾಮರು. ಅವರ ನಿಧನದ ನಂತರದ ಶತಮಾನದಲ್ಲಿ ಅದೇ ಹೆಸರಿನ ಇನ್ನೊಬ್ಬ ವಿದ್ವಾಂಸರಿದ್ದರು. ಅವರೇ ಅಬೂ ಹನೀಫಾ ಅಹ್ಮದ್ ಇಬ್ನ್ ದಾವೂದ್ ಅದ್ದೀನವರಿ. ಮರುಭೂಮಿಯ ಜನರು ಏನನ್ನು ಕಿತ್ತು ತಿನ್ನುತ್ತಾರೆ, ಒಂಟೆಗೆ ಯಾವುದನ್ನು ಮೇಯಿಸುತ್ತಾರೆ ಎಂಬುದನ್ನು ವಿದ್ಯೆಯ ವಿಷಯವಾಗಿ ಮಾಡಿದವರು ಇವರು.

ಇವರು ಜನಿಸಿದ್ದು 9ನೇ ಶತಮಾನದ ಆರಂಭದಲ್ಲಿ, ಪಶ್ಚಿಮ ಇರಾನಿನ ದೀನವರ್ ಪಟ್ಟಣದಲ್ಲಿ. ಅರಬೀ ಭಾಷೆಯನ್ನು ಬಸ್ರಾ ಮತ್ತು ಕೂಫಾದ ಪಂಡಿತರಿಂದ ಕಲಿತರು. ಗಣಿತ, ಖಗೋಳ, ಇತಿಹಾಸ ಎಲ್ಲದರಲ್ಲೂ ಅವರಿಗೆ ಪರಿಣತಿಯಿತ್ತು. ಅವರ ಇತಿಹಾಸ ಗ್ರಂಥ 'ಅಲ್-ಅಖ್ಬಾರ್ ಅತ್ತಿವಾಲ್' ಇಂದಿಗೂ ಲಭ್ಯವಿದೆ. ಆದರೆ ಅವರ ಹೆಸರನ್ನು ಉಳಿಸಿದ್ದು ಆರು ಸಂಪುಟಗಳ 'ಕಿತಾಬುನ್ನಬಾತ್', ಅಂದರೆ ಸಸ್ಯಗಳ ಗ್ರಂಥ.

ಭಾಷಾ ಪಂಡಿತರಿಗೆ ಗಿಡಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಹಳೆಯ ಅರಬೀ ಕಾವ್ಯದ ತುಂಬಾ ಮರುಭೂಮಿಯ ಗಿಡಗಳ ಹೆಸರುಗಳಿವೆ. ನಗರದಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಅವು ಬರೀ ಪದಗಳಾಗಿದ್ದವು. ಹಿಂದಿನ ಪಂಡಿತರು ಹೆಸರುಗಳ ಪಟ್ಟಿ ಮಾಡಿದ್ದರು. ದೀನವರಿಯವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಎಲೆ ಹೇಗಿದೆ, ಹೂವಿನ ಬಣ್ಣವೇನು, ಎಂತಹ ನೆಲದಲ್ಲಿ ಬೆಳೆಯುತ್ತದೆ, ರುಚಿ ಏನು, ತಿನ್ನುವವರು ಯಾರು ಎಂದೆಲ್ಲ ವಿಚಾರಿಸಿದರು. ಇದಕ್ಕೆ ಹಿಂದಿನವರ ಪುಸ್ತಕಗಳು ಮಾತ್ರ ಸಾಲದು ಎಂದು ಅಲೆಮಾರಿ ಅರಬರನ್ನೇ, ಅಂದರೆ ಬದೂಯಿನ್‌ಗಳನ್ನೇ ಕೇಳಿದರು. ಈ ವಿಷಯ ತಿಳಿಸಿದವನು ಸರಾತ್ ಬೆಟ್ಟಸೀಮೆಯವನು, ಇವನು ಒಮಾನಿನವನು ಎಂದು ಹೇಳಿದವರ ಊರನ್ನೂ ದಾಖಲಿಸಿದರು. ಅಕ್ಷರ ಬಾರದ ಕುರುಬನ ಮಾತಿಗೂ ಅವರು ಪುರಾವೆಯ ಗೌರವ ಕೊಟ್ಟರು.

ಬದೂಯಿನ್‌ಗಳ ಮುಖ್ಯ ಆಹಾರ ಹಾಲು ಮತ್ತು ಖರ್ಜೂರವಾಗಿತ್ತು. ಮಳೆ ಬಿದ್ದಾಗ ಮಾತ್ರ ಮರಳುಗಾಡು ಅವರಿಗೆ ಅಡುಗೆಮನೆಯ ತೋಟವಾಗುತ್ತಿತ್ತು. ಆಗ ಕಾಡುಸೊಪ್ಪುಗಳು ಚಿಗುರುತ್ತವೆ. ನೆಲದೊಳಗೆ 'ಕಮಾ' ಎಂಬ ಅಣಬೆ ಮೂಡುತ್ತದೆ. ಅದಕ್ಕೆ ಎಲೆಯಿಲ್ಲ, ಕಾಂಡವಿಲ್ಲ. ನೆಲ ಸ್ವಲ್ಪ ಉಬ್ಬಿ ಬಿರುಕು ಬಿಟ್ಟಿರುವುದನ್ನು ಗುರುತಿಸಿ ಅಗೆದು ತೆಗೆದು, ಬೇಯಿಸಿಯೋ ಸುಟ್ಟೋ ತಿನ್ನುತ್ತಾರೆ. ಹದೀಸ್‌ನಲ್ಲೂ ಪ್ರಸ್ತಾಪವಿರುವ ಈ ಅಣಬೆಗೆ ದೀನವರಿಯವರು ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಮೇವು, ಜೇನು, ಮಿಸ್ವಾಕ್‌ನ ಕಡ್ಡಿ, ಚರ್ಮ ಹದಮಾಡುವ ತೊಗಟೆ, ಉಜ್ಜಿ ಬೆಂಕಿ ಹೊತ್ತಿಸುವ ಕಟ್ಟಿಗೆ ಇವುಗಳ ಬಗ್ಗೆಯೂ ಅಧ್ಯಾಯಗಳಿವೆ.

ನಮ್ಮ ಹುಣಸೆಯೂ ಆ ಗ್ರಂಥದಲ್ಲಿದೆ! ಅರಬರು ಅದನ್ನು ಹಿಂದೂಸ್ತಾನದ ಖರ್ಜೂರ ಎಂಬ ಅರ್ಥದಲ್ಲಿ 'ತಮ್ರ್ ಹಿಂದೀ' ಎನ್ನುತ್ತಾರೆ. ಸರಾತ್ ಮತ್ತು ಒಮಾನಿನಲ್ಲಿ ಅದು ಹೇರಳವಾಗಿತ್ತು. ಮಕ್ಕಾ ಮತ್ತು ಮದೀನಾದ ನಡುವೆ ತಾವೇ ಅದನ್ನು ಕಂಡದ್ದಾಗಿ, ಅಲ್ಲಿಯ ಜನ ಅದನ್ನು ಅಡುಗೆಗೆ ಹಾಕುವುದಾಗಿ ದೀನವರಿಯವರು ಬರೆದಿದ್ದಾರೆ. ಮರ ಅಕ್ರೋಟು ಮರದಷ್ಟು ದೊಡ್ಡದು, ಕಾಯಿ ಜಾಲಿಯ ಕೋಡಿನಂತೆ ಎಂದೂ ವಿವರಿಸಿದ್ದಾರೆ.

ಕ್ರಿ.ಶ. 895ರ ಸುಮಾರಿಗೆ ಅವರು ನಿಧನರಾದರು. ಆರು ಸಂಪುಟಗಳಲ್ಲಿ ಹೆಚ್ಚಿನ ಭಾಗ ಕಾಲಕ್ರಮದಲ್ಲಿ ಕಳೆದುಹೋಯಿತು. ಆದರೂ ಅವರ ಮಾತು ಅಳಿಯಲಿಲ್ಲ. 11ನೇ ಶತಮಾನದ ಸ್ಪೇನಿನ ಅಂಧ ನಿಘಂಟುಕಾರ ಇಬ್ನ್ ಸೀದಾ, 13ನೇ ಶತಮಾನದ ಸಸ್ಯತಜ್ಞ ಇಬ್ನುಲ್ ಬೈತಾರ್ ಮೊದಲಾದವರು ಅವರ ವಿವರಣೆಗಳನ್ನು ತಮ್ಮ ಗ್ರಂಥಗಳಲ್ಲಿ ಸೇರಿಸಿಕೊಂಡಿದ್ದರು. ಉಳಿದ ಹಸ್ತಪ್ರತಿಗಳನ್ನು ಸ್ವೀಡನ್ನಿನ ವಿದ್ವಾಂಸ ಬರ್ನ್‌ಹಾರ್ಡ್ ಲೆವಿನ್ 1953 ಮತ್ತು 1974ರಲ್ಲಿ ಪ್ರಕಟಿಸಿದರು. ಕಳೆದುಹೋದ ಭಾಗವನ್ನು ಇತರ ಗ್ರಂಥಗಳಿಂದ ತುಣುಕು ತುಣುಕಾಗಿ ಹೆಕ್ಕಿ, 1973ರಲ್ಲಿ ಕೈರೋದಲ್ಲಿ ಹೊರತಂದವರು ಯಾರು ಗೊತ್ತೇ? 1908ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಡಾ. ಮುಹಮ್ಮದ್ ಹಮೀದುಲ್ಲಾ. ಆಗ ಕಲಬುರಗಿ, ಬೀದರ್, ರಾಯಚೂರು ಕೂಡ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದವು.

ವಿದ್ಯಾರ್ಥಿಗಳೇ, ದೀನವರಿಯವರು ಕೇಳದೆ ಹೋಗಿದ್ದರೆ ಆ ಕುರುಬರ ಜ್ಞಾನ ಅವರೊಂದಿಗೇ ಮಣ್ಣಾಗುತ್ತಿತ್ತು. ಹೊಲದ ಬದುವಿನಲ್ಲಿ ಸಿಗುವ ಬೆರಕೆ ಸೊಪ್ಪಿನಲ್ಲಿ ತಿನ್ನುವುದು ಯಾವುದು, ಬಿಡುವುದು ಯಾವುದು ಎಂದು ನಿಮ್ಮ ಅಜ್ಜಿಗೆ ಗೊತ್ತಿರಬಹುದು. ಅವರು ಶಾಲೆಯ ಮೆಟ್ಟಿಲು ಹತ್ತಿರದೇ ಇರಬಹುದು. ಈ ರಜೆಯಲ್ಲಿ ಒಂದು ನೋಟ್ ಪುಸ್ತಕ ಹಿಡಿದು ಅವರ ಬಳಿ ಕುಳಿತುಕೊಳ್ಳಿ. ಹೆಸರು ಕೇಳಿ, ಎಲೆ ನೋಡಿ, ಬರೆದುಕೊಳ್ಳಿ. ಹೇಳಿದವರ ಹೆಸರನ್ನೂ ಬರೆಯಲು ಮರೆಯಬೇಡಿ.