ಡ್ರಿಲ್ ಅವಧಿಯ ಹಿಂದಿನ ಗುರು: ಪೆರ್ ಹೆನ್ರಿಕ್ ಲಿಂಗ್

ಬೋಧನಾಭ್ಯಾಸಕ್ಕೆಂದು ಶಾಲೆಗೆ ಹೋದ ಮೊದಲ ದಿನ ನಾವೆಲ್ಲ ಮಾಡುವ ಕೆಲಸ ವೇಳಾಪಟ್ಟಿಯನ್ನು ಬರೆದುಕೊಳ್ಳುವುದು. ಅದರಲ್ಲಿ ದೈಹಿಕ ಶಿಕ್ಷಣಕ್ಕೂ ಒಂದು ಮನೆ ಇರುತ್ತದೆ. ಪರೀಕ್ಷೆ ಹತ್ತಿರ ಬಂದಂತೆ ಆ ಅವಧಿ ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಉಳಿದುಕೊಂಡ ದಿನವೂ ಮಕ್ಕಳ ಕೈಗೆ ಒಂದು ಚೆಂಡು ಕೊಟ್ಟು ಕಳುಹಿಸುವುದೇ ಹೆಚ್ಚು. ಚೆಂಡು ಸಿಕ್ಕ ಹತ್ತು ಮಕ್ಕಳು ಆಡುತ್ತಾರೆ, ಮಿಕ್ಕ ಮೂವತ್ತು ಮಕ್ಕಳು ಮರದ ನೆರಳಿನಲ್ಲಿ ಕುಳಿತು ನೋಡುತ್ತಾರೆ. ಆ ಮೂವತ್ತು ಮಕ್ಕಳ ಮೈಯನ್ನೂ ಶಾಲೆಯೇ ನೋಡಿಕೊಳ್ಳಬೇಕು, ಅದಕ್ಕೆ ತರಬೇತಾದ ಶಿಕ್ಷಕರು ಬೇಕು ಎಂಬ ವಿಚಾರಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಅದನ್ನು ಒಂದು ಸಂಸ್ಥೆಯಾಗಿ ಕಟ್ಟಿ ನಿಲ್ಲಿಸಿದವರಲ್ಲಿ ಮುಖ್ಯನಾದವನು ಸ್ವೀಡನ್ ದೇಶದ ಪೆರ್ ಹೆನ್ರಿಕ್ ಲಿಂಗ್. ನಮ್ಮ ಪಠ್ಯಪುಸ್ತಕಗಳಲ್ಲಿ ಅವನ ಹೆಸರು ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಶಿಕ್ಷಕರಾಗಲಿರುವವರು ಅವನ ಬಾಳನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಲಿಂಗ್ ಹುಟ್ಟಿದ್ದು 1776ರ ನವೆಂಬರ್ 15ರಂದು, ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತದ ಒಂದು ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಹುಡುಗ ಶಾಲೆ ಮುಗಿಸಿ ಲುಂಡ್ ಮತ್ತು ಉಪ್ಸಾಲ ವಿಶ್ವವಿದ್ಯಾಲಯಗಳಲ್ಲಿ ಓದಿದನು. ಪಾದ್ರಿಯ ಮಗ ಪಾದ್ರಿಯೇ ಆಗುವುದು ಆ ಕಾಲದ ವಾಡಿಕೆ, ಲಿಂಗ್ ಓದಿದ್ದೂ ಧರ್ಮಶಾಸ್ತ್ರವನ್ನೇ. ಆದರೆ ಆ ವೃತ್ತಿಯನ್ನು ಹಿಡಿಯಲಿಲ್ಲ. ಕೆಲಕಾಲ ಮನೆಪಾಠ ಹೇಳಿ, 18ನೆಯ ಶತಮಾನ ಮುಗಿಯುವ ಹೊತ್ತಿಗೆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿಗೆ ಹೋದನು.

ಅವನ ಬಾಳು ತಿರುಗಿದ್ದು ಅಲ್ಲಿ. ಫ್ರಾನ್ಸಿನ ಕ್ರಾಂತಿಯಿಂದ ದೇಶ ಬಿಟ್ಟು ಬಂದಿದ್ದ ಫ್ರೆಂಚರು ಆ ಊರಿನಲ್ಲಿ ಕತ್ತಿವರಸೆ ಕಲಿಸುತ್ತಿದ್ದರು. ಲಿಂಗ್ ಅವರಲ್ಲಿ ಕಲಿತನು. ಫ್ರಾನ್ಸ್ ನಾಕ್ಟೆಗಾಲ್ ಎಂಬ ಡೇನಿಷ್ ಶಿಕ್ಷಕ 1799ರಲ್ಲಿ ಅಲ್ಲಿ ಒಂದು ಖಾಸಗಿ ವ್ಯಾಯಾಮಶಾಲೆ ತೆರೆದಿದ್ದನು. ಅದನ್ನೂ ಲಿಂಗ್ ಕಂಡನು. ಆಗ ಅವನ ತೋಳಿಗೆ ವಾತದಂಥ ನೋವು ಕಾಡುತ್ತಿತ್ತು. ದಿನವೂ ಕತ್ತಿವರಸೆ ಮಾಡುತ್ತ ಹೋದಂತೆ ನೋವು ಇಳಿಯಿತು. ಬೇರೆ ಯಾರೇ ಆಗಿದ್ದರೂ ಗುಣವಾಯಿತೆಂದು ಸಂತೋಷಪಟ್ಟು ಸುಮ್ಮನಾಗುತ್ತಿದ್ದರು. ಲಿಂಗ್ ಮಾತ್ರ ಅದರ ಕಾರಣವನ್ನು ಹುಡುಕಲು ಹೊರಟನು. ಒಂದು ನಿರ್ದಿಷ್ಟ ಚಲನೆ ಒಂದು ನಿರ್ದಿಷ್ಟ ಅಂಗಕ್ಕೆ ಒಳಿತು ಮಾಡುವುದಾದರೆ, ದೇಹದ ಪ್ರತಿಯೊಂದು ಭಾಗಕ್ಕೂ ಬೇಕಾದ ಚಲನೆಯನ್ನು ಕಂಡುಹಿಡಿಯಬಹುದಲ್ಲವೇ ಎಂಬುದು ಅವನ ಮುಂದಿದ್ದ ಪ್ರಶ್ನೆ.

1804ರಲ್ಲಿ ಸ್ವೀಡನ್ನಿಗೆ ಮರಳಿದ ಲಿಂಗ್, ಲುಂಡ್ ವಿಶ್ವವಿದ್ಯಾಲಯದಲ್ಲಿ ಕತ್ತಿವರಸೆಯ ಶಿಕ್ಷಕನಾದನು. ಒಂದು ಕಡೆ ವಿದ್ಯಾರ್ಥಿಗಳಿಗೆ ಕತ್ತಿವರಸೆಯ ಜೊತೆಗೆ ಅಂಗಸಾಧನೆಯನ್ನೂ ಕಲಿಸಿದನು. ಇನ್ನೊಂದು ಕಡೆ ತಾನೇ ವಿದ್ಯಾರ್ಥಿಯಾಗಿ ಅಂಗರಚನಾಶಾಸ್ತ್ರವನ್ನೂ ಶರೀರಕ್ರಿಯಾಶಾಸ್ತ್ರವನ್ನೂ ಓದಿದನು. ಯಾವ ಸ್ನಾಯು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಕೈ ಎತ್ತಿದಾಗ ಎದೆಗೂಡಿನಲ್ಲಿ ಏನಾಗುತ್ತದೆ ಎಂದು ತಿಳಿಯದೆ ವ್ಯಾಯಾಮ ಕಲಿಸಬಾರದೆಂಬ ನಿಲುವಿಗೆ ಅವನು ಬಂದದ್ದು ಈ ವರ್ಷಗಳಲ್ಲಿ. ವಿಷಯಜ್ಞಾನವಿಲ್ಲದೆ ಬೋಧನೆಯಿಲ್ಲ ಎಂದು ನಾವು ಇತರ ವಿಷಯಗಳ ಬಗ್ಗೆ ಹೇಳುವುದನ್ನು ಅವನು ದೈಹಿಕ ಶಿಕ್ಷಣಕ್ಕೂ ಅನ್ವಯಿಸಿದನು.

ಅಷ್ಟರಲ್ಲಿ ದೇಶಕ್ಕೆ ದೊಡ್ಡ ಪೆಟ್ಟು ಬಿತ್ತು. ರಷ್ಯಾದೊಡನೆ ನಡೆದ ಯುದ್ಧದಲ್ಲಿ ಸೋತ ಸ್ವೀಡನ್, 1809ರಲ್ಲಿ ಫಿನ್‌ಲೆಂಡನ್ನು ಬಿಟ್ಟುಕೊಡಬೇಕಾಯಿತು. ಶತಮಾನಗಳಿಂದ ಜೊತೆಗಿದ್ದ ನಾಡು ಕೈಬಿಟ್ಟಿತೆಂಬ ಕೊರಗು ಜನರನ್ನು ಕಾಡಿತು. ಜನರ ಆರೋಗ್ಯವೂ ಚೆನ್ನಾಗಿರಲಿಲ್ಲ. ಕ್ಷಯದಂಥ ರೋಗಗಳು ವ್ಯಾಪಕವಾಗಿದ್ದವು, ಹಳ್ಳಿಗಳಲ್ಲಿ ಮನೆಯಲ್ಲೇ ಭಟ್ಟಿ ಇಳಿಸಿ ಕುಡಿಯುವುದು ಸಾಮಾನ್ಯವಾಗಿತ್ತು. ಪ್ರಾಚೀನ ನಾರ್ಡಿಕ್ ವೀರರ ಮೇಲೆ ಕಾವ್ಯ ಬರೆಯುತ್ತಿದ್ದ ಲಿಂಗ್‌ಗೆ, ತನ್ನ ಜನ ಮತ್ತೆ ಗಟ್ಟಿಯಾಗಬೇಕೆಂಬ ಹಂಬಲವಿತ್ತು. ಕಾವ್ಯವೊಂದರಿಂದಲೇ ಅದು ಆಗದು ಎಂಬುದೂ ಅವನಿಗೆ ತಿಳಿದಿತ್ತು.

ವ್ಯಾಯಾಮ ಶಿಕ್ಷಕರನ್ನು ತಯಾರುಮಾಡುವ ಸಂಸ್ಥೆಯೊಂದು ಬೇಕೆಂದು ಅವನು ಸರಕಾರವನ್ನು ಕೇಳಿದನು. ದೇಶದಲ್ಲಿ ದೊಂಬರಾಟದವರು ಈಗಾಗಲೇ ಸಾಕಷ್ಟಿದ್ದಾರೆ, ಅವರಿಗಾಗಿ ಬೊಕ್ಕಸದ ಹಣ ಖರ್ಚುಮಾಡುವುದು ಬೇಡ ಎಂಬ ಅರ್ಥದ ಉತ್ತರ ಒಬ್ಬ ಮಂತ್ರಿಯಿಂದ ಬಂತೆಂದು ಅವನ ಚರಿತ್ರೆಕಾರರು ಬರೆಯುತ್ತಾರೆ. ಲಿಂಗ್ ಬಿಡಲಿಲ್ಲ. 1813ರಲ್ಲಿ ಒಪ್ಪಿಗೆ ಸಿಕ್ಕಿತು. ಸ್ಟಾಕ್‌ಹೋಮಿನಲ್ಲಿ ಕೇಂದ್ರ ಜಿಮ್ನಾಸ್ಟಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಅದಕ್ಕೆ ಲಿಂಗ್ ಮುಖ್ಯಸ್ಥನಾದನು, ಸಾಯುವವರೆಗೂ ಆ ಸ್ಥಾನದಲ್ಲಿದ್ದನು.

ಇಲ್ಲಿ ಒಂದು ಅಂಶವನ್ನು ನಾವು ಗಮನಿಸಬೇಕು. ಲಿಂಗ್ ಕೇಳಿದ್ದು ಆಟದ ಮೈದಾನವನ್ನಲ್ಲ, ಪಂದ್ಯಾವಳಿಯನ್ನೂ ಅಲ್ಲ, ಶಿಕ್ಷಕರ ತರಬೇತಿ ಸಂಸ್ಥೆಯನ್ನು. ಅವನೊಬ್ಬನೇ ಕಲಿಸಿದರೆ ಒಂದು ಊರಿನ ಕೆಲವು ನೂರು ಜನ ಕಲಿಯಬಹುದಿತ್ತು. ಅವನಲ್ಲಿ ಕಲಿತ ಶಿಕ್ಷಕರು ಊರೂರಿಗೆ ಹೋದರೆ, ಪ್ರತಿವರ್ಷವೂ ಹೊಸ ಮಕ್ಕಳಿಗೆ ಆ ವಿದ್ಯೆ ಮುಟ್ಟುತ್ತದೆ. ನಮ್ಮ ಗರಡಿಮನೆಗಳಲ್ಲಿಯೂ ದೇಹಸಾಧನೆಯ ದೊಡ್ಡ ಪರಂಪರೆಯಿತ್ತು. ಆದರೆ ಗರಡಿಗೆ ಹೋಗುತ್ತಿದ್ದವರು ಮನಸ್ಸು ಮಾಡಿದ ಕೆಲವರು, ಅವರೂ ಗಂಡಸರು. ಶಾಲೆಯ ಬಾಗಿಲಿಗೆ ಬಂದ ಪ್ರತಿ ಮಗುವಿಗೂ ವ್ಯಾಯಾಮ ಎಂಬುದು ಬೇರೆಯೇ ಗುರಿ. ಆ ಗುರಿಗೆ ಗುರುಗಳ ಒಂದು ದೊಡ್ಡ ಪಡೆ ಬೇಕು.

ಲಿಂಗ್ ತನ್ನ ವ್ಯಾಯಾಮವನ್ನು ನಾಲ್ಕು ಭಾಗ ಮಾಡಿದನು: ಶೈಕ್ಷಣಿಕ, ಸೈನಿಕ, ವೈದ್ಯಕೀಯ ಮತ್ತು ಸೌಂದರ್ಯಾತ್ಮಕ. ತನ್ನ ದೇಹವನ್ನು ತನ್ನ ಇಚ್ಛೆಗೆ ಒಳಪಡಿಸಿಕೊಳ್ಳುವುದು ಮೊದಲನೆಯದು. ಎದುರಾಳಿಯನ್ನು ಜಯಿಸುವುದು ಎರಡನೆಯದು. ದೇಹದ ನೋವು, ಕುಂದುಗಳನ್ನು ಚಲನೆಯಿಂದ ನೀಗುವುದು ಮೂರನೆಯದು. ಮನಸ್ಸಿನ ಭಾವವನ್ನು ದೇಹದಿಂದ ಪ್ರಕಟಿಸುವುದು ನಾಲ್ಕನೆಯದು. ಪರೀಕ್ಷೆಗಾಗಿ ನಾವು ಬಾಯಿಪಾಠ ಮಾಡುವ ಈ ಪಟ್ಟಿಯ ಹಿಂದೆ ಒಂದೇ ತತ್ತ್ವವಿದೆ: ವ್ಯಾಯಾಮ ದೇಹಕ್ಕಾಗಿ ಇರಬೇಕು, ದೇಹ ವ್ಯಾಯಾಮಕ್ಕಾಗಿ ಅಲ್ಲ. ನೋಡುವವರು ಬೆರಗಾಗುವಂಥ ಕಸರತ್ತಿಗೆ ಅವನ ಪದ್ಧತಿಯಲ್ಲಿ ಬೆಲೆಯಿರಲಿಲ್ಲ. ಅದರಿಂದ ಯಾವ ಅಂಗಕ್ಕೆ ಏನು ಒಳಿತು ಎಂದು ಹೇಳಲಾಗದಿದ್ದರೆ ಆ ವ್ಯಾಯಾಮವನ್ನು ಬಿಡಬೇಕು.

ಪಾಠದ ರಚನೆಯೂ ಇದಕ್ಕೆ ತಕ್ಕಂತಿತ್ತು. ಪ್ರತಿ ಚಲನೆಗೂ ಆರಂಭದ ನಿಲುವು, ಸಾಗುವ ರೀತಿ, ಕೊನೆಯ ನಿಲುವು ಗೊತ್ತಾಗಿರುತ್ತಿತ್ತು. ಸುಲಭವಾದದ್ದರಿಂದ ಕಷ್ಟದ್ದಕ್ಕೆ ಹೋಗಬೇಕು. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಕಾಲಿಡಬಾರದು. ಸರಳದಿಂದ ಸಂಕೀರ್ಣಕ್ಕೆ ಎಂದು ನಾವು ಕಲಿಯುವ ಬೋಧನಾ ಸೂತ್ರವೇ ಇದು. ಬಹಳಷ್ಟು ವ್ಯಾಯಾಮಗಳಿಗೆ ಸಲಕರಣೆಯೇ ಬೇಕಿರಲಿಲ್ಲ. ಶಿಕ್ಷಕರು ಆಜ್ಞೆ ಕೊಟ್ಟರೆ ಇಡೀ ತರಗತಿ ಒಟ್ಟಿಗೆ ಮಾಡಬಹುದಿತ್ತು. ಹೀಗಾಗಿ ಬಡ ಶಾಲೆಯ ಚಿಕ್ಕ ಅಂಗಳದಲ್ಲೂ ಅದು ಸಾಧ್ಯವಾಯಿತು.

ವೈದ್ಯರು ಮೊದಲು ಅವನನ್ನು ಒಪ್ಪಲಿಲ್ಲ. ಕತ್ತಿವರಸೆಯ ಮೇಷ್ಟರು ರೋಗಿಗಳಿಗೆ ಕೈಹಚ್ಚುವುದು ಅವರಿಗೆ ಸರಿಕಾಣಲಿಲ್ಲ. ಅವರ ಅನುಮಾನದಲ್ಲೂ ಅರ್ಥವಿತ್ತು, ಏಕೆಂದರೆ ಲಿಂಗ್‌ನ ಸಿದ್ಧಾಂತದಲ್ಲಿ ಊಹೆಯ ಪಾಲು ಸಾಕಷ್ಟಿತ್ತು. ಆದರೂ ವರ್ಷಗಳ ಕೆಲಸ ಕಂಡು ಅಭಿಪ್ರಾಯ ಬದಲಾಯಿತು. 1831ರಲ್ಲಿ ಸ್ವೀಡನ್ನಿನ ವೈದ್ಯರ ಸಂಘವೇ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಇಂದಿನ ಫಿಸಿಯೋಥೆರಪಿಯ ಬೇರುಗಳಲ್ಲಿ ಒಂದು ಅವನ ಸಂಸ್ಥೆಯಲ್ಲಿದೆ. ಸ್ವೀಡಿಷ್ ಮಸಾಜ್ ಎಂಬುದನ್ನು ಅವನೇ ಕಂಡುಹಿಡಿದನೆಂದು ಹಲವೆಡೆ ಬರೆಯುತ್ತಾರೆ. ಅದರ ಇಂದಿನ ಕ್ರಮವನ್ನು ರೂಪಿಸಿದ ಹಿರಿಮೆ ಹೆಚ್ಚಾಗಿ ಸಲ್ಲುವುದು ಅವನ ನಂತರದ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್‌ಗೆ.

ಲಿಂಗ್ ಕವಿಯೆಂದೂ ಹೆಸರು ಪಡೆದನು. 1835ರಲ್ಲಿ ಸ್ವೀಡಿಷ್ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಅವನ ದೀರ್ಘ ಕಾವ್ಯಗಳನ್ನು ಈಗ ಓದುವವರು ಕಡಿಮೆ. ವ್ಯಾಯಾಮದ ಮೂಲತತ್ತ್ವಗಳ ಬಗ್ಗೆ ಬರೆಯುತ್ತಿದ್ದ ಪುಸ್ತಕವನ್ನು ಮುಗಿಸಲು ಅವನಿಗಾಗಲಿಲ್ಲ. 1839ರ ಮೇ 3ರಂದು ಕ್ಷಯರೋಗದಿಂದ ತೀರಿಕೊಂಡನು. ದೇಶದ ಜನರಿಗೆ ಆರೋಗ್ಯದ ದಾರಿ ತೋರಿಸಹೊರಟವನನ್ನು ಆ ಕಾಲದ ಸಾಮಾನ್ಯ ರೋಗವೇ ಕೊಂಡೊಯ್ದಿತು. ವ್ಯಾಯಾಮ ಎಲ್ಲ ರೋಗಕ್ಕೂ ಮದ್ದಲ್ಲ ಎಂಬುದಕ್ಕೆ ಅವನ ಸಾವೇ ಸಾಕ್ಷಿ. ಅರೆಮುಗಿದ ಪುಸ್ತಕವನ್ನು ಶಿಷ್ಯರು 1840ರಲ್ಲಿ ಪ್ರಕಟಿಸಿದರು.

ಗುರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ. ಶಿಷ್ಯ ಬ್ರಾಂಟಿಂಗ್ ಸಂಸ್ಥೆಯನ್ನು ಮುಂದುವರಿಸಿದನು. ಮಗ ಯಾಲ್ಮರ್ ಲಿಂಗ್ ಶಾಲಾ ಮಕ್ಕಳಿಗಾಗಿ ವ್ಯಾಯಾಮಗಳನ್ನು ಕ್ರಮವಾಗಿ ಜೋಡಿಸಿ ದಿನದಿನದ ಪಾಠದ ಕೋಷ್ಟಕಗಳನ್ನು ಮಾಡಿದನು. 1864ರಿಂದ ಹೆಂಗಸರಿಗೂ ಸಂಸ್ಥೆಯಲ್ಲಿ ತರಬೇತಿ ಸಿಗತೊಡಗಿತು. ಅಲ್ಲಿ ಕಲಿತ ಮಾರ್ಟಿನಾ ಬರ್ಗ್‌ಮನ್ ಎಂಬಾಕೆ 1881ರಲ್ಲಿ ಲಂಡನ್ನಿಗೆ ಹೋಗಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ಈ ಪದ್ಧತಿಯನ್ನು ಕಲಿಸಿದಳು. 1885ರಲ್ಲಿ ಶಿಕ್ಷಕಿಯರಿಗಾಗಿ ತನ್ನದೇ ಕಾಲೇಜು ತೆರೆದಳು. ಅಮೆರಿಕದ ಬಾಸ್ಟನ್ನಿನಲ್ಲಿ 1889ರಲ್ಲಿ ಇಂಥದೇ ಶಿಕ್ಷಕರ ಶಾಲೆ ಹುಟ್ಟಿತು. ಇಂಗ್ಲೆಂಡಿನ ಶಾಲೆಗಳಿಗಾಗಿ 1909ರಲ್ಲಿ ಬಂದ ವ್ಯಾಯಾಮ ಪಠ್ಯಕ್ರಮಕ್ಕೆ ಸ್ವೀಡಿಷ್ ಪದ್ಧತಿಯೇ ಬುನಾದಿ. ಬ್ರಿಟಿಷರ ಆಳ್ವಿಕೆಯಲ್ಲಿ ಅದು ಭಾರತದ ಶಾಲೆಗಳಿಗೂ ಬಂತು. ನಮ್ಮ ಹಿರಿಯರು ಡ್ರಿಲ್ ಮೇಷ್ಟ್ರು ಎಂದು ಕರೆಯುತ್ತಿದ್ದವರ ಪಾಠದಲ್ಲಿ ಪಟಾಲಮ್ಮಿನ ಕವಾಯತೂ ಸ್ವೀಡನ್ನಿನ ಅಂಗಸಾಧನೆಯೂ ಬೆರೆತಿದ್ದವು. ಮದರಾಸಿನಲ್ಲಿ 1920ರಲ್ಲಿ ಎಚ್. ಸಿ. ಬಕ್ ಅವರು ವೈಎಂಸಿಎ ಮೂಲಕ ದೈಹಿಕ ಶಿಕ್ಷಣದ ತರಬೇತಿ ಶಾಲೆ ತೆರೆದಾಗ, ಮೊದಲು ಶಿಕ್ಷಕರನ್ನು ತಯಾರುಮಾಡುವ ಆ ದಾರಿ ದಕ್ಷಿಣ ಭಾರತದಲ್ಲೂ ತೆರೆಯಿತು.

ಈ ಪದ್ಧತಿಗೆ ಕುಂದುಗಳೂ ಇದ್ದವು. ಆಜ್ಞೆಗೆ ತಕ್ಕಂತೆ ಕೈಕಾಲು ಆಡಿಸುವುದು ಮಕ್ಕಳಿಗೆ ಬೇಗ ಬೇಸರ ತರುತ್ತದೆ. ಚಲನೆಗಳು ಬಿಗಿಯಾಗಿದ್ದವು, ಆಟದ ಖುಷಿ ಕಡಿಮೆ. 20ನೆಯ ಶತಮಾನದಲ್ಲಿ ಫಿನ್‌ಲೆಂಡಿನ ಎಲ್ಲಿ ಬ್ಯೋರ್ಕ್‌ಸ್ಟೆನ್, ಡೆನ್ಮಾರ್ಕಿನ ನೀಲ್ಸ್ ಬುಕ್ ಮೊದಲಾದವರು ಅದಕ್ಕೆ ಲಯವನ್ನೂ ಸರಾಗತೆಯನ್ನೂ ತಂದರು. ಶಾಲೆಗಳಲ್ಲಿ ಆಟಗಳಿಗೆ ಹೆಚ್ಚು ಜಾಗ ಸಿಕ್ಕಿತು.

ಅಂಕಿಅಂಶಗಳ ಬಲವೂ ಲಿಂಗ್‌ಗೆ ಇರಲಿಲ್ಲ. ಅವನಲ್ಲಿದ್ದದ್ದು ಅನುಭವ ಮತ್ತು ನಂಬಿಕೆ. ಬಲವಾದ ಆಧಾರ ಸಿಕ್ಕಿದ್ದು ಬಹಳ ತಡವಾಗಿ. 1953ರಲ್ಲಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ ಬಸ್ಸುಗಳ ನೌಕರರ ಅಧ್ಯಯನವನ್ನು ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಅದು ತೋರಿಸಿತು. ಇಂದು ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ಹೇಳುತ್ತದೆ. ಶಾಲೆಯ ಒಂದು ಅವಧಿ ಅದನ್ನು ಪೂರ್ತಿ ತುಂಬಲಾರದು. ಆದರೆ ಮನೆಯಲ್ಲಿ ಅಂಗಳವಿಲ್ಲದ, ಬೀದಿಯಲ್ಲಿ ವಾಹನಗಳೇ ತುಂಬಿರುವ ಮಗುವಿಗೆ ಆ ಒಂದು ಅವಧಿಯೇ ದೊಡ್ಡ ಆಸರೆ.

ಬೋಧನಾಭ್ಯಾಸದಲ್ಲಿರುವ ನಾವು ಲಿಂಗ್‌ನಿಂದ ತೆಗೆದುಕೊಳ್ಳಬಹುದಾದದ್ದು ಅವನ ಆಜ್ಞೆಗಳನ್ನಲ್ಲ, ಸಿದ್ಧತೆಯ ಶ್ರದ್ಧೆಯನ್ನು. ವಿಜ್ಞಾನಕ್ಕೆ ಬರೆಯುವಂತೆ ಈ ಅವಧಿಗೂ ಪಾಠಯೋಜನೆ ಬರೆಯಬೇಕು: ಮೈ ಬಿಸಿಯೇರಿಸುವ ಐದು ನಿಮಿಷ, ಒಂದು ಹೊಸ ಕೌಶಲ, ಎಲ್ಲರೂ ಸೇರುವ ಆಟ, ಕೊನೆಗೆ ಉಸಿರು ಸಮಕ್ಕೆ ಬರುವ ವಿಶ್ರಾಂತಿ. ಸಲಕರಣೆ ಇಲ್ಲವೆಂಬುದು ನೆಪವಾಗಬಾರದು. ಖೋಖೋ, ಲಗೋರಿ, ಕುಂಟೆಬಿಲ್ಲೆಗೆ ಬೇಕಾದ ಸಾಮಾನು ಅಂಗಳದಲ್ಲೇ ಸಿಗುತ್ತದೆ. ಔಟಾದ ಮಗು ಅವಧಿ ಮುಗಿಯುವವರೆಗೆ ಕೂರುವಂಥ ಆಟವಾದರೆ ನಿಯಮವನ್ನು ಸ್ವಲ್ಪ ಬದಲಿಸಿ ಅದನ್ನು ಮತ್ತೆ ಒಳಕ್ಕೆ ಕರೆಯಬೇಕು. ಓಡಲಾಗದ ಮಗುವಿಗೆ ಅದರ ಶಕ್ತಿಗೆ ತಕ್ಕ ಚಲನೆ ಯಾವುದೆಂದು ಮೊದಲೇ ಯೋಚಿಸಿಟ್ಟುಕೊಂಡಿರಬೇಕು. ಪಾಠ ವೀಕ್ಷಣೆಗೆ ಬಂದ ಸಹಪಾಠಿಗಳು ಆ ದಿನ ಎಣಿಸಬೇಕಾದದ್ದು ಒಂದೇ: ನಲವತ್ತು ಮಕ್ಕಳಲ್ಲಿ ಎಷ್ಟು ಮಕ್ಕಳ ಮೈ ಬೆವರಿತು, ಎಷ್ಟು ಮಕ್ಕಳು ನೆರಳಿನಲ್ಲಿ ಕುಳಿತಿದ್ದರು ಎಂಬ ಲೆಕ್ಕ.